ಭೂಗತ ಗಣಿಗೆ ಯಾವ ಟ್ರಕ್? ಡೀಸೆಲ್, ಬ್ಯಾಟರಿ, ಟ್ರಾಲಿ ತಂತಿ: ರ‍್ಯಾಂಪಿನ ಲೆಕ್ಕದಿಂದ ಆರಿಸುವ ಬಗೆ

ಅದಿರು ಸಾಗಿಸುವ ಟ್ರಕ್ ಕೊಳ್ಳುವಾಗ ಗಣಿಗಳು ಮೊದಲು ಕೇಳುವುದು ಎಷ್ಟು ಟನ್, ಎಷ್ಟು ಬೆಲೆ ಎಂದು. ಡೀಸೆಲ್ ಮಟ್ಟಿಗೆ ಇಷ್ಟು ಸಾಕಾಗುತ್ತಿತ್ತು. ಟ್ಯಾಂಕ್ ತುಂಬಿಸಿಬಿಟ್ಟರೆ ಪಾಳಿ ಮುಗಿಯುವವರೆಗೆ ಗಾಡಿ ಓಡುತ್ತದೆ. ವಿದ್ಯುತ್ ಟ್ರಕ್ ಹಾಗಲ್ಲ. ರ‍್ಯಾಂಪ್ (ಗಣಿಯೊಳಗಿನ ಇಳಿಜಾರು ದಾರಿ) ಎಷ್ಟು ಮೀಟರ್ ಏರುತ್ತದೆ, ರಸ್ತೆ ಹೇಗಿದೆ, ಚಾರ್ಜಿಂಗ್ ಜಾಗ ಎಲ್ಲಿದೆ, ಒಂದು ಬ್ಯಾಟರಿಯಲ್ಲಿ ಎಷ್ಟು ಪೂರ್ಣ ಸುತ್ತು ಮುಗಿಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಒಂದೇ ಟ್ರಕ್ ಒಂದು ಗಣಿಯಲ್ಲಿ ಡೀಸೆಲ್ಲನ್ನು ಸುಲಭವಾಗಿ ಹಿಂದೆ ಹಾಕುತ್ತದೆ, ಇನ್ನೊಂದು ಗಣಿಯಲ್ಲಿ ಪಾಳಿಯ ಮೂರನೇ ಒಂದು ಭಾಗ ಚಾರ್ಜರ್ ಪಕ್ಕದಲ್ಲೇ ನಿಂತಿರುತ್ತದೆ.

ಇಲ್ಲಿನ ಮಾತೆಲ್ಲ ಗಟ್ಟಿಬಂಡೆಯ ಲೋಹದ ಗಣಿಗಳಲ್ಲಿ ಓಡುವ 30ರಿಂದ 65 ಟನ್ ಸಾಮರ್ಥ್ಯದ ಟ್ರಕ್‌ಗಳದ್ದು. ಮೀಥೇನ್ ಇರುವ ಕಲ್ಲಿದ್ದಲು ಗಣಿಗೆ ಇದನ್ನು ಹಾಗೇ ಅನ್ವಯಿಸಬೇಡಿ. ಅಲ್ಲಿ ಕಿಡಿ ಹೊರಬರದ ಕವಚದ ನಿಯಮಗಳೇ ಬೇರೆ, ಯಂತ್ರಗಳೂ ಬೇರೆ.

ಮೊದಲು ಒಂದು ಸುತ್ತಿನ ಲೆಕ್ಕ

50 ಟನ್ ಅದಿರು, ಟ್ರಕ್‌ನ ಸ್ವಂತ ತೂಕ 45 ಟನ್, ಒಟ್ಟು 95 ಟನ್ ಎಂದಿಟ್ಟುಕೊಳ್ಳಿ. ರ‍್ಯಾಂಪ್ 7 ಮೀಟರ್‌ಗೆ 1 ಮೀಟರ್ ಏರುತ್ತದೆ. ಅಂದರೆ 100 ಮೀಟರ್ ಎತ್ತರಕ್ಕೆ 700 ಮೀಟರ್ ದಾರಿ. 95 ಟನ್ನನ್ನು 100 ಮೀಟರ್ ಎತ್ತಲು ಸುಮಾರು 26 ಯೂನಿಟ್ ಬೇಕು (ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್-ಅವರ್). ಚಕ್ರ ಉರುಳುವಾಗ ರಸ್ತೆ ಹಿಡಿದೆಳೆಯುವ ಬಲ ತೂಕದ ಶೇ 3ರಷ್ಟಿದ್ದರೆ ಅದಕ್ಕೆ ಇನ್ನೂ 5.4 ಯೂನಿಟ್. ಮೋಟಾರ್, ಇನ್ವರ್ಟರ್, ಆಕ್ಸಲ್ ಸೇರಿ ದಕ್ಷತೆ ಶೇ 85 ಎಂದರೆ, 100 ಮೀಟರ್ ಏರಿಕೆಗೆ ಬ್ಯಾಟರಿಯಿಂದ ಹೋಗುವುದು ಸುಮಾರು 37 ಯೂನಿಟ್.

ಖಾಲಿ ಟ್ರಕ್ ಇಳಿಯುವಾಗ ಮೋಟಾರ್ ಜನರೇಟರ್ ಆಗುತ್ತದೆ. 45 ಟನ್ 100 ಮೀಟರ್ ಇಳಿದರೆ ಸಿಗಬೇಕಾದದ್ದು 12 ಯೂನಿಟ್ಟಿಗೆ ತುಸು ಹೆಚ್ಚು. ರಸ್ತೆ ತಿಂದು, ಪರಿವರ್ತನೆಯಲ್ಲಿ ಕಳೆದು, ಬ್ಯಾಟರಿಗೆ ವಾಪಸ್ ಬರುವುದು 7ರ ಆಸುಪಾಸು. ಹೀಗಾಗಿ ಒಂದು ಸುತ್ತಿಗೆ, ಪ್ರತಿ 100 ಮೀಟರ್ ಏರಿಕೆಗೆ, ನಿವ್ವಳ ಖರ್ಚು 30 ಯೂನಿಟ್. ಚಾರ್ಜರ್‌ನ ನಷ್ಟ ಸೇರಿಸಿದರೆ ಗ್ರಿಡ್‌ನಿಂದ 33 ಅಥವಾ 34.

ಇದೇ ಕೆಲಸಕ್ಕೆ ಡೀಸೆಲ್ ಟ್ರಕ್ ಏರುವಾಗಲೇ ಸುಮಾರು 10.5 ಲೀಟರ್ ಸುಡುತ್ತದೆ, ಇಳಿಯುವಾಗ ಏನೂ ಮರಳಿಸುವುದಿಲ್ಲ. ಅಂದಾಜಿಗೆ ಒಂದು ಲೀಟರ್ ಡೀಸೆಲ್ ಜಾಗದಲ್ಲಿ 3ರಿಂದ 3.5 ಯೂನಿಟ್ ವಿದ್ಯುತ್. ನಿಮ್ಮ ವಿದ್ಯುತ್ ದರ, ಡೀಸೆಲ್ ದರ ಎರಡನ್ನೂ ಈ ಅನುಪಾತಕ್ಕೆ ಹಾಕಿದರೆ ಇಂಧನದ ಉಳಿತಾಯ ಒಂದು ಚೀಟಿಯಲ್ಲಿ ಸಿಗುತ್ತದೆ. ಮಾರಾಟಗಾರರ ದೊಡ್ಡ ಕೋಷ್ಟಕ ಬರುವ ಮೊದಲೇ ಇದನ್ನು ನೀವೇ ಮಾಡಿಕೊಂಡಿರಿ.

ಈಗ ರಸ್ತೆ. ಉರುಳು ಪ್ರತಿರೋಧ ಶೇ 3ರ ಬದಲು ಶೇ 5 ಆಯಿತು ಎನ್ನಿ. ಕೆಸರು, ಗುಂಡಿ, ಸಡಿಲ ಜಲ್ಲಿ ಇದ್ದರೆ ಅಷ್ಟಾಗುವುದು ಕಷ್ಟವಲ್ಲ. ಏರಿಕೆಯ ಖರ್ಚು 37ರಿಂದ 41ಕ್ಕೆ ಹೋಗುತ್ತದೆ, ಮರಳಿ ಬರುವುದು 7ರಿಂದ 5.5ಕ್ಕೆ ಇಳಿಯುತ್ತದೆ. ನಿವ್ವಳ ಖರ್ಚು ಶೇ 18ರಷ್ಟು ಏರಿತು. ಡೀಸೆಲ್ ಗಾಡಿಯಲ್ಲಿ ಇದು ತಿಂಗಳ ಕೊನೆಗೆ ಇಂಧನದ ಬಿಲ್ಲಿನಲ್ಲಿ ಕಾಣುತ್ತದೆ. ಬ್ಯಾಟರಿ ಗಾಡಿಯಲ್ಲಿ ಅದೇ ದಿನ ಒಂದು ಸುತ್ತು ಕಡಿಮೆಯಾಗಿ ಕಾಣುತ್ತದೆ. ಬ್ಯಾಟರಿ ಟ್ರಕ್‌ಗೆ ಹಣ ಇಟ್ಟು ರಸ್ತೆ ಸಮ ಮಾಡುವ ಗ್ರೇಡರ್‌ಗೆ ಹಣ ಇಡದ ಯೋಜನೆ ಅರ್ಧಂಬರ್ಧ ಯೋಜನೆ.

ಸುತ್ತುಗಳು ಭಿನ್ನರಾಶಿಯಲ್ಲಿ ಬರುವುದಿಲ್ಲ

50 ಟನ್‌ನ ಬ್ಯಾಟರಿ ಟ್ರಕ್‌ಗಳ ಪೈಕಿ ಸ್ಯಾಂಡ್ವಿಕ್‌ನ ಟಿಎಚ್550ಬಿ ಪರಿಚಿತವಾದದ್ದು. ಅದರ ಬ್ಯಾಟರಿ 354 ಯೂನಿಟ್. ಮೇಲೆ ಶೇ 10, ಕೆಳಗೆ ಶೇ 10 ಬಿಟ್ಟರೆ ಬಳಕೆಗೆ ಸಿಗುವುದು 283. ನಮ್ಮ ಉದಾಹರಣೆಯ ಟ್ರಕ್‌ಗೂ ಇಷ್ಟೇ ಬ್ಯಾಟರಿ ಇದೆ ಎಂದು ಲೆಕ್ಕ ಮುಂದುವರಿಸೋಣ.

300 ಮೀಟರ್ ಏರಿಕೆಯ ಗಣಿಯಲ್ಲಿ ಒಂದು ಏರಿಕೆಗೆ 111 ಯೂನಿಟ್ ಹೋಗುತ್ತದೆ, ಇಳಿದಾಗ 20 ಬರುತ್ತದೆ. ನಿವ್ವಳ 91. 283ನ್ನು 91ರಿಂದ ಭಾಗಿಸಿದರೆ ಮೂರು ಸುತ್ತು ಬರುತ್ತದೆ, ಸರಿಯಾಗಿದೆ ಅನ್ನಿಸುತ್ತದೆ. ಆದರೆ ಮೂರನೇ ಸಲ ತುದಿ ತಲುಪುವ ಹೊತ್ತಿಗೆ ಮೂರು ಏರಿಕೆ ಮುಗಿದು ಎರಡೇ ಇಳಿಕೆ ಆಗಿರುತ್ತದೆ: 333ರಲ್ಲಿ 40 ಕಳೆದರೆ 293. ಹತ್ತು ಯೂನಿಟ್ ಸಾಲದು. ತುಂಬಿದ ಟ್ರಕ್ ಮುಖ್ಯ ರ‍್ಯಾಂಪಿನ ಮೇಲ್ತುದಿಯ ಹತ್ತಿರ, ಕಾದಿಟ್ಟ ಶೇ 10ರ ಮೇಲೆ ತೆವಳುತ್ತದೆ. ಇದನ್ನು ದಿನನಿತ್ಯ ಮಾಡುವಂತಿಲ್ಲ, ಆದ್ದರಿಂದ ಲೆಕ್ಕಕ್ಕೆ ಎರಡೇ ಸುತ್ತು. ಏರಿಕೆ 280 ಮೀಟರ್ ಆಗಿದ್ದರೆ ಮೂರೂ ಮುಗಿಯುತ್ತಿದ್ದವು. ಇಪ್ಪತ್ತು ಮೀಟರ್ ವ್ಯತ್ಯಾಸಕ್ಕೆ ಬ್ಯಾಟರಿ ಬದಲಾವಣೆಗಳು ಒಂದೂವರೆ ಪಟ್ಟು!

ಚಾರ್ಜಿಂಗ್ ಜಾಗವನ್ನು ಎಲ್ಲಿಡಬೇಕು ಎಂಬುದಕ್ಕೂ ಇಲ್ಲೇ ಉತ್ತರವಿದೆ. ಮೇಲ್ತುದಿಯಲ್ಲಿ ಇಟ್ಟು ಬ್ಯಾಟರಿ ಪೂರ್ತಿ ತುಂಬಿಸಿ ಕಳಿಸಿದರೆ ಮೊದಲ ಇಳಿಕೆಯಲ್ಲಿ ಬರುವ ವಿದ್ಯುತ್ತಿಗೆ ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ. ಆಗ ಅದು ಬ್ರೇಕ್ ರೆಸಿಸ್ಟರ್‌ನಲ್ಲಿ ಶಾಖವಾಗಿ ಹೋಗುತ್ತದೆ, ಅಥವಾ ಎಣ್ಣೆಯಲ್ಲಿ ಮುಳುಗಿದ ಡಿಸ್ಕ್ ಬ್ರೇಕ್‌ಗಳು ಪೂರ್ತಿ ಭಾರ ಹೊತ್ತು ಕಾಯುತ್ತವೆ. ಕೆಳಗೆ, ಅದಿರು ತುಂಬಿಸುವ ಜಾಗದ ಬಳಿ ಇಟ್ಟರೆ ಕೊನೆಯ ಇಳಿಕೆಯ ಲಾಭ ತಡವಾಗಿ ಬರುತ್ತದೆ. ಎರಡರಲ್ಲೂ ಮೂರನೇ ಏರಿಕೆಗೆ ಆ 293 ಬೇಕೇ ಬೇಕು.

ರ‍್ಯಾಂಪಿನ ನಡುವೆ, 150 ಮೀಟರ್ ಎತ್ತರದಲ್ಲಿ ಇಟ್ಟು, ತುಂಬಿದ ಟ್ರಕ್ ಏರುತ್ತಿರುವಾಗ ಬದಲಾಯಿಸಿದರೆ? ಅರ್ಧ ಏರಿಕೆ, ಇಳಿಕೆ, ಏರಿಕೆ, ಇಳಿಕೆ, ಏರಿಕೆ, ಇಳಿಕೆ, ಮತ್ತೆ ಅರ್ಧ ಏರಿಕೆ. ಮೂರು ಏರಿಕೆಗೆ ಮೂರು ಇಳಿಕೆಯ ಲಾಭವೂ ಸಿಕ್ಕಿತು: 273. ಮೂರು ಸುತ್ತು ಆಯಿತು, ಇಳಿಕೆಯ ವಿದ್ಯುತ್ ಒಂದು ಯೂನಿಟ್ ಕೂಡ ವ್ಯರ್ಥವಾಗಲಿಲ್ಲ. ಇದಕ್ಕೆ ರ‍್ಯಾಂಪಿನಿಂದ ಪಕ್ಕಕ್ಕೆ ಕೊರೆದ ಸಮತಟ್ಟಾದ ಕೋಣೆ ಬೇಕು. ತುಂಬಿದ ಟ್ರಕ್‌ನಲ್ಲಿ ಬ್ಯಾಟರಿ ಬದಲಿಸಲು ತಯಾರಕರ ಅನುಮತಿ ಇದೆಯೇ ಎಂದು ಬರೆದು ಕೇಳಿ ಪಡೆಯಿರಿ. ಚಾರ್ಜಿಂಗ್ ಕೋಣೆಯನ್ನು ಖಾಲಿ ಬಿದ್ದಿರುವ ಯಾವುದೋ ಹಳೆಯ ಮೂಲೆಗೆ ತಳ್ಳುವುದು ಮೊದಲಿಗೆ ಅಗ್ಗ. ಮುಂದೆ ವರ್ಷಗಟ್ಟಲೆ ಅದಕ್ಕೆ ಬೆಲೆ ತೆರುವುದು ಪ್ರತಿ ಪಾಳಿಯ ಟನ್ ಲೆಕ್ಕ.

ತುಂಬಿದ ಗಾಡಿ ಇಳಿಯುವ ಗಣಿಗಳೂ ಇವೆ. ಬೆಟ್ಟದ ಮೇಲಿನ ಹಂತಗಳಿಂದ ಅದಿರು ತೆಗೆದು ಬುಡದ ಸುರಂಗದಿಂದ ಹೊರಗೆ ಸಾಗಿಸುವ ಕಡೆ ಲೆಕ್ಕ ಸಂಪೂರ್ಣ ತಲೆಕೆಳಗು. 95 ಟನ್ ಇಳಿದು 45 ಟನ್ ಏರುತ್ತದೆ, ಬ್ಯಾಟರಿ ಬಹುತೇಕ ತನ್ನನ್ನು ತಾನೇ ತುಂಬಿಸಿಕೊಳ್ಳುತ್ತದೆ. ಅಂಥ ಗಣಿಯಲ್ಲಿ ಡೀಸೆಲ್ ಉಳಿಸಿಕೊಳ್ಳಲು ಒಂದೂ ಕಾರಣ ನಮಗೆ ಕಾಣುವುದಿಲ್ಲ. ಗಮನ ಕೊಡಬೇಕಾದದ್ದು ಬ್ಯಾಟರಿ ತುಂಬಿದ ಮೇಲೂ ಟ್ರಕ್ಕನ್ನು ಹಿಡಿದಿಡುವ ಬ್ರೇಕ್‌ಗೆ.

ಡೀಸೆಲ್: ಗಾಳಿಯ ಬೆಲೆ

ಡೀಸೆಲ್ ಟ್ರಕ್‌ನ ನಿಜವಾದ ಖರ್ಚಿನ ಒಂದು ಪಾಲು ಫ್ಯಾನ್‌ನ ವಿದ್ಯುತ್ ಬಿಲ್ಲಿನಲ್ಲಿ ಅಡಗಿದೆ. ಕೆನಡಾದ ಒಂಟಾರಿಯೊ ನಿಯಮದಂತೆ ಎಂಜಿನ್‌ನ ಪ್ರತಿ ಕಿಲೋವ್ಯಾಟ್‌ಗೆ ಸೆಕೆಂಡಿಗೆ 0.06 ಘನಮೀಟರ್ ಗಾಳಿ ಬೇಕು. 515 ಕಿಲೋವ್ಯಾಟ್‌ನ ಒಂದು ಟ್ರಕ್‌ಗೆ 31 ಘನಮೀಟರ್, ಐದಕ್ಕೆ 155. ಒಂದೇ ಗಾಳಿದಾರಿಯಲ್ಲಿ ಫ್ಯಾನ್‌ಗೆ ಬೇಕಾದ ಶಕ್ತಿ ಗಾಳಿಯ ಪ್ರಮಾಣದ ಘನದಂತೆ ಏರುತ್ತದೆ. 155ನ್ನು 100ಕ್ಕೆ ಇಳಿಸಿದರೆ ಫ್ಯಾನ್ ಶಕ್ತಿ ಸುಮಾರು ಶೇ 27ಕ್ಕೆ ಬಂದು ನಿಲ್ಲುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ವಿದ್ಯುತ್ ಟ್ರಕ್ ಬಂದರೆ ಗಾಳಿ ಬೇಡವೇ ಬೇಡ ಎಂದಾಗುವುದಿಲ್ಲ. ಸ್ಫೋಟದ ಹೊಗೆ, ಧೂಳು, ಬಂಡೆಯ ಬಿಸಿ, ಕೆಲವೆಡೆ ಬಂಡೆಯಿಂದ ಬರುವ ವಿಕಿರಣಶೀಲ ಅನಿಲ ರೇಡಾನ್, ಉಳಿದ ಡೀಸೆಲ್ ಸರ್ವಿಸ್ ಗಾಡಿಗಳು ಎಲ್ಲವೂ ತಮ್ಮ ಪಾಲು ಕೇಳುತ್ತವೆ. ಗಾಳಿ ತೀರಾ ಕಡಿಮೆ ಮಾಡಿದರೆ ಸ್ಫೋಟದ ನಂತರ ಮತ್ತೆ ಒಳಹೋಗಲು ಕಾಯುವ ಸಮಯ ಉದ್ದವಾಗಿ, ಉಳಿಸಿದ್ದು ಅಲ್ಲೇ ಕರಗುತ್ತದೆ. ಎರಡನೆಯದು, ಫ್ಯಾನ್ ಒಂದೇ ವೇಗದಲ್ಲಿ ತಿರುಗುವಂಥದ್ದಾದರೆ ಟ್ರಕ್ ಬದಲಿಸಿದ ಮಾತ್ರಕ್ಕೆ ಬಿಲ್ ಇಳಿಯದು. ವೇಗ ಬದಲಿಸುವ ಡ್ರೈವ್ ಹಾಕಬೇಕು ಅಥವಾ ಅಲಗಿನ ಕೋನ ಬದಲಿಸಬೇಕು. ಒಂಟಾರಿಯೊದ ಬೋರ್ಡನ್ ಗಣಿಯಂತೆ ವಿನ್ಯಾಸದ ಹಂತದಲ್ಲೇ ವಿದ್ಯುತ್ ಯಂತ್ರಗಳನ್ನು ಮನಸ್ಸಿನಲ್ಲಿಟ್ಟು ಕಟ್ಟಿದಾಗ ಲಾಭ ಹೆಚ್ಚು, ಏಕೆಂದರೆ ಗಾಳಿಬಾವಿಯನ್ನೇ ಚಿಕ್ಕದಾಗಿ ಕೊರೆಯಬಹುದು. ಅದಾಗಲೇ ದೊಡ್ಡ ಬಾವಿ ಕೊರೆದು ಫ್ಯಾನ್ ಕೂರಿಸಿದ ಹಳೆಯ ಗಣಿಗೆ ಆ ಹಣ ಮರಳಿ ಬರುವುದಿಲ್ಲ. ಆದರೆ ಹಳೆಯ ಗಣಿ ಆಳಕ್ಕೆ ಹೋಗುತ್ತಾ ಗಾಳಿ ಸಾಲದೆ ಉತ್ಪಾದನೆ ನಿಂತುಹೋಗುವ ಸ್ಥಿತಿಯಲ್ಲಿದ್ದರೆ, ಹೊಸ ಗಾಳಿಬಾವಿಯ ಖರ್ಚನ್ನು ತಪ್ಪಿಸುವುದೇ ವಿದ್ಯುತ್ ಟ್ರಕ್‌ನ ಅತಿ ದೊಡ್ಡ ಕಾಣಿಕೆ.

ಬಿಸಿಯ ಲೆಕ್ಕವೂ ನೋಡಿ. ಮೇಲಿನ ಉದಾಹರಣೆಯಲ್ಲಿ ಪ್ರತಿ 100 ಮೀಟರ್ ಏರಿಕೆಗೆ ಡೀಸೆಲ್ ಟ್ರಕ್ ಗಣಿಯೊಳಗೆ ಬಿಡುವ ಶಾಖ ಸುಮಾರು 90 ಯೂನಿಟ್, ವಿದ್ಯುತ್ ಟ್ರಕ್ ಚಾರ್ಜರ್ ಸೇರಿ ಸುಮಾರು 20. ಜೊತೆಗೆ ಪ್ರತಿ ಲೀಟರ್ ಡೀಸೆಲ್ ಸುಟ್ಟಾಗ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ಬಿಸಿಬಂಡೆಯ ಆಳದ ಗಣಿಯಲ್ಲಿ ಜನ ಬಳಲುವುದು ಈ ತೇವದ ಬಿಸಿಯಿಂದಲೇ.

ಆರೋಗ್ಯದ ಮಾತನ್ನು ಲೆಕ್ಕದ ಕೊನೆಗೆ ತಳ್ಳಬಾರದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಐರೋಪ್ಯ ಒಕ್ಕೂಟ ಕೆಲಸದ ಜಾಗದ ಗಾಳಿಯಲ್ಲಿ ಡೀಸೆಲ್ ಮಸಿಯ ಇಂಗಾಲಕ್ಕೆ ಘನಮೀಟರ್‌ಗೆ 0.05 ಮಿಲಿಗ್ರಾಂ ಮಿತಿ ಹಾಕಿದೆ. ಭೂಗತ ಗಣಿಗಳಿಗೆ ಅದು ಅನ್ವಯವಾಗುವ ದಿನಾಂಕ 2026ರ ಫೆಬ್ರವರಿ 21. ಬರಿಯ ಗಾಳಿ ಹೆಚ್ಚಿಸಿ ಈ ಮಿತಿಯೊಳಗೆ ಇರುವುದು ಉದ್ದನೆಯ ರ‍್ಯಾಂಪಿನಲ್ಲಿ ಕಷ್ಟ.

ಡೀಸೆಲ್ಲನ್ನೇ ಇಟ್ಟುಕೊಳ್ಳುವುದಾದರೆ ಯುರೋಪಿನ ಹೊಗೆ ನಿಯಮದ ಸ್ಟೇಜ್-5 ಎಂಜಿನ್, ಮಸಿ ಸೋಸುವ ಫಿಲ್ಟರ್, 15 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 15 ಭಾಗ) ಕಡಿಮೆ ಗಂಧಕದ ಇಂಧನ ಮೂರೂ ಒಟ್ಟಿಗೆ ಬರಬೇಕು. ಗಂಧಕ ಹೆಚ್ಚಿರುವ ಇಂಧನ ಹಾಕಿದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಸಾಯುತ್ತದೆ. ಫಿಲ್ಟರ್ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಲು ಹೊಗೆ ಸಾಕಷ್ಟು ಬಿಸಿ ಇರಬೇಕು. ಖಾಲಿ ಇಳಿಯುವ, ತುಂಬಿಸುವ ಜಾಗದಲ್ಲಿ ಐಡಲ್‌ನಲ್ಲಿ ನಿಲ್ಲುವ ಟ್ರಕ್‌ನಲ್ಲಿ ಹೊಗೆ ತಣ್ಣಗಿರುತ್ತದೆ, ಫಿಲ್ಟರ್ ಕಟ್ಟುತ್ತದೆ, ಎಂಜಿನ್ ಶಕ್ತಿ ಕಡಿಮೆಯಾಗುತ್ತದೆ. ಫಿಲ್ಟರ್ ಹೊಗೆಗೆ ಒಡ್ಡುವ ಹಿಮ್ಮುಖ ಒತ್ತಡವನ್ನು ಪಾಳಿಗೊಮ್ಮೆ ಬರೆದಿಡುವ ಅಭ್ಯಾಸ ಇರಲಿ.

ಇಷ್ಟಿದ್ದರೂ ಡೀಸೆಲ್ ಸರಿಯಾದ ಆಯ್ಕೆಯಾಗುವ ಜಾಗಗಳಿವೆ. ಎರಡು ಮೂರು ವರ್ಷದಲ್ಲಿ ಮುಚ್ಚುವ ಗಣಿ, ವಿದ್ಯುತ್ ಸರಬರಾಜು ದುರ್ಬಲವಾಗಿದ್ದು ಡೀಸೆಲ್ ಜನರೇಟರ್‌ನಿಂದಲೇ ನಡೆಯುವ ಗಣಿ, ತುಂಬಿಸುವ ಜಾಗ ವಾರವಾರ ಬದಲಾಗುತ್ತಾ ದೂರದೂರ ಹರಡಿರುವ ಗಣಿ. ಇಂಥಲ್ಲಿ ಈಗ ಬ್ಯಾಟರಿಗೆ ಹಾರುವುದನ್ನು ನಾವು ಸಲಹೆ ಮಾಡುವುದಿಲ್ಲ.

ಬ್ಯಾಟರಿ ಬದಲಿಸುವುದೋ, ನಿಂತು ಚಾರ್ಜ್ ಮಾಡುವುದೋ

300 ಮೀಟರ್ ಏರಿಕೆಯ ಉದಾಹರಣೆಗೆ ಬನ್ನಿ. ಒಂದು ಬದಿ 2.1 ಕಿಲೋಮೀಟರ್ ದಾರಿ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಏರಲು 12ರಿಂದ 13 ನಿಮಿಷ, ಇಳಿಯಲು 9, ತುಂಬಿಸಿ ಸುರಿದು ತಿರುಗಿಸಲು 8. ಸುತ್ತಿಗೆ ಅರ್ಧ ಗಂಟೆ. ಮೂರು ಸುತ್ತಿಗೆ ಒಂದು ಬ್ಯಾಟರಿ, ಅಂದರೆ 90 ನಿಮಿಷಕ್ಕೊಮ್ಮೆ.

ಬದಲಿಸುವ ವ್ಯವಸ್ಥೆಯಲ್ಲಿ ಒಳಬಂದು, ಬ್ಯಾಟರಿ ಇಳಿಸಿ, ಇನ್ನೊಂದು ಎತ್ತಿಕೊಂಡು ಹೊರಡಲು 8 ನಿಮಿಷ ಹಿಡಿಯಿರಿ. ಸಮಯದ ಶೇ 8 ಹೋಯಿತು. ನಿಂತಲ್ಲೇ ಚಾರ್ಜ್ ಮಾಡುವುದಾದರೆ? ಕಾರುಗಳಲ್ಲೂ ಬಳಕೆಯಲ್ಲಿರುವ ಸಿಸಿಎಸ್ ಕನೆಕ್ಟರ್ ದ್ರವದಿಂದ ತಂಪಾಗುವ ಕೇಬಲ್‌ನಲ್ಲಿ 500 ಆಂಪಿಯರ್‌ವರೆಗೆ ಕೊಡುತ್ತದೆ. 800 ವೋಲ್ಟ್‌ನಲ್ಲಿ ಅದು 400 ಕಿಲೋವ್ಯಾಟ್. 273 ಯೂನಿಟ್ ತುಂಬಲು, ಕೊನೆಯಲ್ಲಿ ವೇಗ ತಗ್ಗುವುದನ್ನೂ ಸೇರಿಸಿ, 45 ನಿಮಿಷ. ಸಮಯದ ಮೂರನೇ ಒಂದು ಭಾಗ ಹೋಯಿತು. ಈ ನಷ್ಟ ತುಂಬಲು ಬೇಕಾಗುವುದು ಹೆಚ್ಚುವರಿ ಟ್ರಕ್, ಅದನ್ನು ಓಡಿಸುವವರು, ರ‍್ಯಾಂಪಿನಲ್ಲಿ ಎದುರುಬದುರಾದಾಗ ದಾರಿ ಬಿಡುವ ಜಾಗ.

ಏರಿಕೆ 100 ಮೀಟರ್ ಮಾತ್ರವಾದರೆ ಚಿತ್ರ ಬೇರೆ. ಒಂದು ಬ್ಯಾಟರಿಯಲ್ಲಿ 9 ಸುತ್ತು, ಎರಡು ಗಂಟೆಗೂ ಹೆಚ್ಚು. ಊಟದ ಬಿಡುವು, ಪಾಳಿ ಬದಲಾವಣೆ, ಸ್ಫೋಟದ ನಂತರ ಕಾಯುವ ಹೊತ್ತು ಎಲ್ಲವನ್ನೂ ಚಾರ್ಜಿಂಗ್‌ಗೆ ಕೊಟ್ಟರೆ ನಷ್ಟ ಬಹಳ ಕಡಿಮೆ. ಬದಲಿಸುವ ಕೋಣೆ, ಹೆಚ್ಚುವರಿ ಬ್ಯಾಟರಿ ಯಾವುದೂ ಬೇಡ. ಅದಿರು ಎತ್ತಿ ತುಂಬುವ ಲೋಡರ್‌ಗಳಿಗೂ ಇದೇ ಒಳ್ಳೆಯದು. ನಮ್ಮ ಒರೆಗಲ್ಲು ಇಷ್ಟು: 150 ಮೀಟರ್ ಏರಿಕೆಯವರೆಗೆ ನಿಂತು ಚಾರ್ಜ್ ಮಾಡುವುದನ್ನು ಮೊದಲು ಪರಿಶೀಲಿಸಿ, ಅದಕ್ಕಿಂತ ಮೇಲೆ ಬದಲಿಸುವುದನ್ನು.

ಬದಲಿಸುವ ಪದ್ಧತಿಯಲ್ಲೂ ಎರಡು ಬಗೆ. ಒಂದರಲ್ಲಿ ಕ್ರೇನ್ ಬ್ಯಾಟರಿಯನ್ನು ಎತ್ತುತ್ತದೆ. ಅದಕ್ಕೆ ಎತ್ತರದ ಕೋಣೆ, ಗಟ್ಟಿ ಛಾವಣಿ, ಕ್ರೇನ್‌ನ ತಪಾಸಣೆ ಎಲ್ಲ ಬೇಕು. ಇನ್ನೊಂದರಲ್ಲಿ ಟ್ರಕ್ಕೇ ತನ್ನ ಹೈಡ್ರಾಲಿಕ್ ತೋಳಿನಿಂದ ಬ್ಯಾಟರಿ ಪಂಜರವನ್ನು ನೆಲಕ್ಕಿಳಿಸಿ ಪಕ್ಕದ್ದನ್ನು ಎತ್ತಿಕೊಳ್ಳುತ್ತದೆ. ನೆಲ ಸಮತಟ್ಟಾಗಿ, ಕಾಂಕ್ರೀಟ್ ಹಾಕಿ, ನೀರು ನಿಲ್ಲದಂತಿದ್ದರೆ ಸಾಕು. ಗಣಿ ಆಳಕ್ಕೆ ಇಳಿದಂತೆ ಕೋಣೆಯನ್ನೂ ಇಳಿಸಬೇಕಾಗುವುದರಿಂದ ಎರಡನೆಯದು ಹೆಚ್ಚು ಅನುಕೂಲ.

ಎಷ್ಟು ಬ್ಯಾಟರಿ? ಐದು ಟ್ರಕ್, 250 ಕಿಲೋವ್ಯಾಟ್‌ನ ಚಾರ್ಜರ್. ತುಂಬಲು ಒಂದು ಗಂಟೆ ಐದು ಹತ್ತು ನಿಮಿಷ, ತಣಿಯಲು ಮತ್ತು ಕಾಯಲು 20 ನಿಮಿಷ, ಒಟ್ಟು ಸುಮಾರು 90. ಬಳಕೆಯ ಹೊತ್ತು ಬದಲಾವಣೆ ಸೇರಿ 98. ಹಾಗಾಗಿ ಟ್ರಕ್‌ನಲ್ಲಿ 5, ಚಾರ್ಜರ್‌ನಲ್ಲಿ 5, ದುರಸ್ತಿಗೆಂದು 1: ಹನ್ನೊಂದು. ಒಂದೂ ಹೆಚ್ಚುವರಿ ಇಲ್ಲದೆ ಹತ್ತರಲ್ಲೇ ನಡೆಸಲು ಹೋದರೆ ಒಂದು ಸೆನ್ಸರ್ ಕೆಟ್ಟ ದಿನ ಒಂದು ಟ್ರಕ್ ನಿಲ್ಲುತ್ತದೆ.

ಬ್ಯಾಟರಿ ಹಳತಾದಾಗ ಏನಾಗುತ್ತದೆ ಎಂಬುದನ್ನು ಹೆಚ್ಚಿನ ಹೋಲಿಕೆಗಳು ಬಿಟ್ಟುಬಿಡುತ್ತವೆ. ಶಕ್ತಿ ಶೇ 85ಕ್ಕೆ ಇಳಿದರೆ ಬಳಕೆಗೆ ಸಿಗುವುದು 241 ಯೂನಿಟ್. ಮೂರು ಸುತ್ತಿಗೆ ಬೇಕಾದದ್ದು 273. ಆದ್ದರಿಂದ ಎರಡಕ್ಕೇ ನಿಲ್ಲಬೇಕು. ಶೇ 15 ಕುಸಿತ ಬದಲಾವಣೆಗಳನ್ನು ಗಂಟೆಗೆ ಸುಮಾರು ಮೂರರಿಂದ ನಾಲ್ಕೂವರೆಯ ಹತ್ತಿರಕ್ಕೆ ಒಯ್ಯುತ್ತದೆ. ಒಂದೇ ಬದಲಿ ಕೋಣೆ ಇದ್ದರೆ ಅದು ಬಹುಪಾಲು ಹೊತ್ತು ತುಂಬಿರುತ್ತದೆ, ಒಬ್ಬರ ಹಿಂದೆ ಒಬ್ಬರು ಸಾಲುಗಟ್ಟುತ್ತಾರೆ. ದಿನಕ್ಕೆ 18 ಗಂಟೆ ಓಡುವ ಈ ಐದು ಟ್ರಕ್‌ಗಳಲ್ಲಿ ಪ್ರತಿ ಬ್ಯಾಟರಿ ದಿನಕ್ಕೆ ಐದು ಸಲ ಖಾಲಿಯಾಗುತ್ತದೆ, ವರ್ಷಕ್ಕೆ 1,800ಕ್ಕೂ ಹೆಚ್ಚು. ಕೋಶಗಳು 3,000ದಿಂದ 4,000 ಆವರ್ತ (ತುಂಬಿ ಖಾಲಿಯಾಗುವ ಸರದಿ) ಬಾಳುತ್ತವೆ ಎಂದುಕೊಂಡರೆ ಎರಡು ವರ್ಷದ ಆಚೀಚೆ ಈ ಕುಸಿತ ಬಾಗಿಲಿಗೆ ಬಂದು ನಿಂತಿರುತ್ತದೆ. ಬ್ಯಾಟರಿಯನ್ನು ಬಾಡಿಗೆಗೆ ಪಡೆಯುವ ಒಪ್ಪಂದವಾದರೆ ‘ಶೇ 80ರವರೆಗೆ ಖಾತ್ರಿ’ ಎಂಬ ಸಾಲನ್ನು ಒಪ್ಪಬೇಡಿ. ನಿಮ್ಮ ರ‍್ಯಾಂಪಿನಲ್ಲಿ ಇಷ್ಟು ಪೂರ್ಣ ಸುತ್ತು ಎಂಬ ಖಾತ್ರಿ ಕೇಳಿ.

ಕೋಶದ ರಸಾಯನ ಯಾವುದು, ತಯಾರಕರು ಯಾರು ಎಂದೂ ಕೇಳಿ. ಲಿಥಿಯಂ ಐರನ್ ಫಾಸ್ಫೇಟ್ ತೂಕ ಹೆಚ್ಚು, ಹೆಚ್ಚು ಬಿಸಿಯನ್ನು ತಡೆಯುತ್ತದೆ, ಹೆಚ್ಚು ಆವರ್ತ ಬಾಳುತ್ತದೆ. ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಹಗುರ, ಆದರೆ ಕಾವೇರಿದಾಗ ಬೇಗ ಕೈಮೀರುತ್ತದೆ. ಗಣಿ ಯಂತ್ರ ತಯಾರಿಸುವ ಎಪಿರಾಕ್ ಕಂಪನಿ ಬ್ಯಾಟರಿಗಾಗಿ ಕೈಜೋಡಿಸಿದ್ದ ಸ್ವೀಡನ್ನಿನ ನಾರ್ತ್‌ವೋಲ್ಟ್ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಟ್ರಕ್ ಹತ್ತು ವರ್ಷ ಬಾಳಬಹುದು. ಅಷ್ಟು ಕಾಲ ಅದಕ್ಕೆ ಹೊಂದುವ ಬ್ಯಾಟರಿ ಯಾರು ಕೊಡುತ್ತಾರೆ ಎಂಬುದು ಕಾಗದದ ಮೇಲೆ ಇರಬೇಕು.

ಟ್ರಾಲಿ ತಂತಿ

ಏರಿಕೆ 700 ಮೀಟರ್ ಆದರೆ ಒಂದು ಏರಿಕೆಗೇ 258 ಯೂನಿಟ್ ಬೇಕು, ಪ್ರತಿ ಸುತ್ತಿಗೂ ಬ್ಯಾಟರಿ ಬದಲಿಸಬೇಕು. 760 ಮೀಟರ್ ದಾಟಿದರೆ ಒಂದೂ ಆಗುವುದಿಲ್ಲ. ಈ ಆಳದಲ್ಲಿ ಶಕ್ತಿಯನ್ನು ಹೊತ್ತೊಯ್ಯುವುದಕ್ಕಿಂತ ಏರುವ ದಾರಿಯಲ್ಲೇ ಕೊಡುವುದು ಜಾಣತನ. ಛಾವಣಿಯ ತಂತಿಯಿಂದ ಟ್ರಕ್ ಮೇಲಿನ ತೋಳು, ಅಂದರೆ ಪ್ಯಾಂಟೋಗ್ರಾಫ್, ವಿದ್ಯುತ್ ಎಳೆಯುತ್ತದೆ, ಮೋಟಾರ್ ಓಡುತ್ತದೆ, ಮಿಕ್ಕಿದ್ದರಲ್ಲಿ ಬ್ಯಾಟರಿ ತುಂಬುತ್ತದೆ. ತಂತಿ ಇಲ್ಲದ ಕೆಲಸದ ಹಂತಗಳಲ್ಲಿ ಆ ಬ್ಯಾಟರಿ ಸಾಕು. ಹೊಸ ವಿಚಾರವೇನಲ್ಲ, ತಂತಿಯ ಕೆಳಗೆ ಓಡುವ ಕಿರುನಾ ಟ್ರಕ್‌ಗಳು 1980ರ ದಶಕದಿಂದಲೂ ಇವೆ. ಬ್ಯಾಟರಿ ಜೊತೆಗೂಡಿದ್ದು ಇತ್ತೀಚೆಗೆ. ಸ್ವೀಡನ್ನಿನ ಬೊಲಿಡೆನ್ ಕಂಪನಿಯ ಕ್ರಿಸ್ಟಿನೆಬರ್ಗ್ ಗಣಿಯಲ್ಲಿ ಎಪಿರಾಕ್ ಮತ್ತು ವಿದ್ಯುತ್ ಉಪಕರಣಗಳ ಕಂಪನಿ ಎಬಿಬಿ ಸೇರಿ ಶೇ 13 ಏರಿನ 800 ಮೀಟರ್ ದಾರಿಯಲ್ಲಿ ಇಂಥ ಟ್ರಕ್ಕನ್ನು 2023ರಲ್ಲಿ ಓಡಿಸಿ ತೋರಿಸಿದವು.

ನಮ್ಮ 95 ಟನ್ ಗಾಡಿ ಗಂಟೆಗೆ 10 ಕಿಲೋಮೀಟರ್‌ನಲ್ಲಿ ಏರಲು ಸುಮಾರು 520 ಕಿಲೋವ್ಯಾಟ್ ಎಳೆಯುತ್ತದೆ. ಬ್ಯಾಟರಿಗೆ ಇನ್ನೊಂದು 200 ಸೇರಿಸಿ. ಒಂದೇ ಭಾಗದಲ್ಲಿ ಎರಡು ಟ್ರಕ್ ಏರುತ್ತಿದ್ದರೆ 1.4 ಮೆಗಾವ್ಯಾಟ್. ತಂತಿಯುದ್ದಕ್ಕೂ ವೋಲ್ಟೇಜ್ ಬೀಳುವುದರಿಂದ, ಎಸಿ ವಿದ್ಯುತ್ತನ್ನು ಡಿಸಿ ಮಾಡಿ ಕೊಡುವ ರೆಕ್ಟಿಫೈಯರ್ ಸಬ್‌ಸ್ಟೇಶನ್‌ಗಳ ನಡುವಿನ ದೂರ ಈ ಅಂಕಿಯಿಂದಲೇ ನಿರ್ಧಾರವಾಗುತ್ತದೆ.

ತೊಂದರೆಗಳು ಛಾವಣಿಯಲ್ಲಿವೆ. ತಂತಿಗೆ ಬೇಕಾದ ಎತ್ತರ ಇಲ್ಲದಿದ್ದರೆ ರ‍್ಯಾಂಪನ್ನೇ ಒಡೆದು ಎತ್ತರಿಸಬೇಕು. ಬಂಡೆ ಸರಿಯುವ ಕಡೆ ತಂತಿಯ ಮಟ್ಟ ಬದಲಾಗುತ್ತದೆ. ಬಂಡೆ ಹಿಡಿದಿಡುವ ರಾಕ್‌ಬೋಲ್ಟ್ ಹಾಕಲು, ಶಾಟ್‌ಕ್ರೀಟ್ (ಸಿಂಪಡಿಸುವ ಕಾಂಕ್ರೀಟ್) ಸಿಂಪಡಿಸಲು ಪ್ರತಿ ಸಲ ಆ ಭಾಗದ ವಿದ್ಯುತ್ ಕಡಿದು ಬೀಗ ಹಾಕಬೇಕು. ಬಿಗಿ ತಿರುವುಗಳಲ್ಲಿ, ಗುಂಡಿಯ ರಸ್ತೆಯಲ್ಲಿ ಪ್ಯಾಂಟೋಗ್ರಾಫ್ ಕುಪ್ಪಳಿಸಿ ಕಿಡಿ ಹಾರುತ್ತದೆ, ತಂತಿ ಸವೆಯುತ್ತದೆ. ಸ್ಫೋಟಕ ಒಯ್ಯುವ ಗಾಡಿ ಅದೇ ರ‍್ಯಾಂಪಿನಲ್ಲಿ ಹೋಗುವುದಾದರೆ ಆ ಹೊತ್ತಿಗೆ ತಂತಿಯ ಸ್ಥಿತಿ ಏನಿರಬೇಕು ಎಂಬ ಲಿಖಿತ ನಿಯಮ ಬೇಕು. ಬಂಡೆ ಗಟ್ಟಿ, ಮುಖ್ಯ ರ‍್ಯಾಂಪ್ ಉದ್ದ, ಗಣಿಯ ಆಯುಸ್ಸು ಹತ್ತು ವರ್ಷಕ್ಕೂ ಹೆಚ್ಚು: ಮೂರೂ ಕೂಡಿದರೆ ಟ್ರಾಲಿ ಯೋಚಿಸಿ. ಇಷ್ಟು ಆಳಕ್ಕೆ ಬಂದ ಮೇಲೆ ಶಾಫ್ಟ್ (ಅದಿರು ನೇರ ಮೇಲೆತ್ತುವ ಲಂಬ ಬಾವಿ) ಮತ್ತು ಕನ್ವೇಯರ್‌ನ ಅಂದಾಜನ್ನೂ ಪಕ್ಕಕ್ಕಿಟ್ಟು ನೋಡದೆ ಟ್ರಕ್ ಕೊಳ್ಳಬಾರದು.

ತಮ್ಮ ಹಿಂದೆ ಕೇಬಲ್ ಎಳೆದುಕೊಂಡು ಓಡುವ ವಿದ್ಯುತ್ ಯಂತ್ರಗಳು ಲೋಡರ್‌ಗೆ ಸರಿ, ಕಿಲೋಮೀಟರ್‌ಗಟ್ಟಲೆ ಹೋಗುವ ಟ್ರಕ್‌ಗೆ ಅಲ್ಲ.

ವಿದ್ಯುತ್ ಎಲ್ಲಿಂದ

ಐದು ಟ್ರಕ್, ಗಂಟೆಗೆ ಎರಡು ಸುತ್ತು, ಸುತ್ತಿಗೆ ಗ್ರಿಡ್‌ನಿಂದ 100 ಯೂನಿಟ್: ಸರಾಸರಿ ಒಂದು ಮೆಗಾವ್ಯಾಟ್. ಫ್ಯಾನ್ ಉಳಿಸಿದ್ದರಲ್ಲಿ ಇದರ ಒಂದಿಷ್ಟು ಸಿಗುತ್ತದೆ, ಆದರೆ ಸಿಗುವ ಜಾಗ ಬೇರೆ, ಬೇಕಾಗುವ ಜಾಗ ಬೇರೆ. ಮುಖ್ಯ ಫ್ಯಾನ್ ನೆಲದ ಮೇಲಿರಬಹುದು, ಚಾರ್ಜರ್ ಆಳದಲ್ಲಿರುತ್ತದೆ. ಕೇಬಲ್, ಟ್ರಾನ್ಸ್‌ಫಾರ್ಮರ್ ಹೊಸದಾಗಿ ಇಳಿಸಬೇಕು. ಬದಲಿಸುವ ಪದ್ಧತಿಯಲ್ಲಿ ಐದು ಚಾರ್ಜರ್ ಒಟ್ಟಿಗೆ ಓಡಿದರೂ 1.25 ಮೆಗಾವ್ಯಾಟ್, ಭಾರ ಹೆಚ್ಚು ಏರಿಳಿಯುವುದಿಲ್ಲ. ನಿಂತು ಚಾರ್ಜ್ ಮಾಡುವಲ್ಲಿ ಪಾಳಿ ಬದಲಾದಾಗ ಎಲ್ಲ ಟ್ರಕ್ ಒಮ್ಮೆಗೇ ಸೇರಿ 2 ಮೆಗಾವ್ಯಾಟ್ ಕೇಳುತ್ತವೆ, ಮಿಕ್ಕ ಹೊತ್ತು ಸಬ್‌ಸ್ಟೇಶನ್ ಖಾಲಿ. ಗರಿಷ್ಠ ಬೇಡಿಕೆಗೆ ದರ ಕಟ್ಟುವ ಕಡೆ ಇದು ದುಬಾರಿ. ಚಾರ್ಜರ್‌ಗಳು ಹಾರ್ಮೋನಿಕ್ಸ್ ಎಬ್ಬಿಸುತ್ತವೆ, ಅಂದರೆ ವಿದ್ಯುತ್ತಿನ ಅಲೆಯನ್ನು ವಿಕಾರಗೊಳಿಸುತ್ತವೆ. ಅದೇ ಟ್ರಾನ್ಸ್‌ಫಾರ್ಮರ್‌ನಲ್ಲಿ ಪಂಪು, ಡ್ರಿಲ್ ಇದ್ದರೆ ಕಾರಣವಿಲ್ಲದೆ ಟ್ರಿಪ್ ಆಗುತ್ತವೆ. ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಕೊಡಿ, ಇಲ್ಲವೇ ಈ ವಿಕಾರವನ್ನು ತಗ್ಗಿಸುವ ಆಕ್ಟಿವ್ ಫ್ರಂಟ್-ಎಂಡ್ ಇರುವ ಚಾರ್ಜರ್ ಕೇಳಿ.

ಬೆಂಕಿ, ತೇವ, ಎಳೆದೊಯ್ಯುವುದು

ಡೀಸೆಲ್ ಟ್ರಕ್‌ಗೂ ಬೆಂಕಿ ಬೀಳುತ್ತದೆ. ಒಡೆದ ಹೈಡ್ರಾಲಿಕ್ ಹೋಸ್‌ನ ಎಣ್ಣೆ ಟರ್ಬೋ ಮೇಲೆ ಬಿದ್ದರೆ ಸಾಕು. ಬ್ಯಾಟರಿಯ ಬೆಂಕಿ ಅದಕ್ಕಿಂತ ಅಪರೂಪವೋ ಅಲ್ಲವೋ ಎಂಬ ವಾದಕ್ಕಿಂತ, ಅದು ಬೇರೆ ಬಗೆಯದು ಎಂಬುದು ಮುಖ್ಯ. ಕೋಶ ಒಳಗಿನಿಂದಲೇ ಕಾಯುತ್ತದೆ. ಪುಡಿ, ನೊರೆ ಜ್ವಾಲೆಯನ್ನು ಅಡಗಿಸಿದರೂ ಕೋಶದಿಂದ ಕೋಶಕ್ಕೆ ಹರಡುವ ಕಾವು ನಿಲ್ಲುವುದಿಲ್ಲ. ಹೇರಳ ನೀರಿನಿಂದ ತಣಿಸುತ್ತಲೇ ಇರಬೇಕು, ಗಂಟೆಗಳ ನಂತರವೂ ಮತ್ತೆ ಹೊತ್ತಿಕೊಳ್ಳಬಹುದು. ಹೊರಬರುವ ಅನಿಲದಲ್ಲಿ ಹೈಡ್ರೋಜನ್, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಫ್ಲೋರೈಡ್ ಇರುತ್ತವೆ. ಐರನ್ ಫಾಸ್ಫೇಟ್ ಕೋಶ ಜ್ವಾಲೆ ಇಲ್ಲದೆ ಅನಿಲ ಬಿಟ್ಟರೂ ಮುಚ್ಚಿದ ಕೋಣೆಯಲ್ಲಿ ಅದು ಶೇಖರವಾಗಿ ಸ್ಫೋಟಿಸಬಲ್ಲದು.

ಆದ್ದರಿಂದ ಚಾರ್ಜಿಂಗ್ ಕೋಣೆಯ ಗಾಳಿ ನೇರ ಹೊರಹೋಗುವ ದಾರಿಗೆ ಸೇರಬೇಕು, ಜನ ಇರುವ ಕಡೆಗೆ ತಾಜಾ ಗಾಳಿಯಾಗಿ ಹೋಗಬಾರದು. ಒಳಗೆ ಹೈಡ್ರೋಜನ್ ಮತ್ತು ಕಾರ್ಬನ್ ಮೊನಾಕ್ಸೈಡ್ ಪತ್ತೆ ಮಾಡುವ ಸೆನ್ಸರ್, ಹೊರಗಿನಿಂದ ವಿದ್ಯುತ್ ಕಡಿಯುವ ಸ್ವಿಚ್, ಪೆಟ್ಟು ಬಿದ್ದ ಅಥವಾ ಕೋಶಗಳ ತಾಪಮಾನ ಏರುಪೇರಾದ ಬ್ಯಾಟರಿಯನ್ನು ಪ್ರತ್ಯೇಕವಾಗಿಡಲು ಇನ್ನೊಂದು ಗೂಡು ಇರಬೇಕು. ಕೋಣೆಯಿಂದ ಆಶ್ರಯ ಕೊಠಡಿಗೆ ಹೋಗುವ ದಾರಿ ಹೊಗೆಯ ದಾರಿಗೆ ಅಡ್ಡ ಬರದಂತೆ ನಕ್ಷೆಯಲ್ಲಿ ನೋಡಿಕೊಳ್ಳಿ. ಗ್ಲೋಬಲ್ ಮೈನಿಂಗ್ ಗೈಡ್‌ಲೈನ್ಸ್ ಗ್ರೂಪ್ ಹೊರತಂದಿರುವ ಭೂಗತ ಬ್ಯಾಟರಿ ವಾಹನಗಳ ಮಾರ್ಗಸೂಚಿ ಇದಕ್ಕೆಲ್ಲ ಒಳ್ಳೆಯ ಆಧಾರ.

ದಿನನಿತ್ಯ ಟ್ರಕ್ ನಿಲ್ಲಿಸುವುದು ಬೆಂಕಿಯಲ್ಲ, ತೇವ. ಹೈ-ವೋಲ್ಟೇಜ್ ಕನೆಕ್ಟರ್‌ನೊಳಗೆ ನೀರು ಸೇರಿದರೆ ವಿದ್ಯುತ್ ಸೋರದಂತೆ ತಡೆಯುವ ನಿರೋಧ ಕುಸಿಯುತ್ತದೆ, ನಿಗಾ ಇಡುವ ಉಪಕರಣ ಟ್ರಕ್ಕನ್ನು ನಿಲ್ಲಿಸುತ್ತದೆ. ಪ್ರತಿ ವೋಲ್ಟ್‌ಗೆ 100 ಓಮ್ ಎಂಬ ಕನಿಷ್ಠ ಮಟ್ಟವನ್ನು ಹಿಡಿದರೆ 700 ವೋಲ್ಟ್‌ನ ವ್ಯವಸ್ಥೆಗೆ 70 ಕಿಲೋಓಮ್. ಈ ಅಂಕಿಯನ್ನು ಪ್ರತಿ ಪಾಳಿಯಲ್ಲೂ ಬರೆದಿಟ್ಟರೆ ನಿಲ್ಲುವ ಮೊದಲೇ ಇಳಿಮುಖ ಕಾಣುತ್ತದೆ. ಡೀಸೆಲ್ ಟ್ರಕ್ ತೊಳೆದಂತೆ ಜೋರು ನೀರಿನ ಪೈಪನ್ನು ಕನೆಕ್ಟರ್‌ಗೆ ಗುರಿಯಿಡುವ ರೂಢಿ ಮೊದಲ ದಿನವೇ ನಿಲ್ಲಬೇಕು. ದುರಸ್ತಿಗೆ ಕೈ ಹಾಕುವ ಮುನ್ನ ವಿದ್ಯುತ್ ಕಡಿದು, ಬೀಗ ಹಾಕಿ, ಕೆಪಾಸಿಟರ್‌ಗಳು ಇಳಿಯುವಷ್ಟು ಹೊತ್ತು ಕಾದು, ಮೀಟರ್‌ನಿಂದ ಸೊನ್ನೆ ಎಂದು ಖಚಿತ ಮಾಡಿಕೊಳ್ಳಲೇಬೇಕು.

ರ‍್ಯಾಂಪಿನಲ್ಲಿ ನಿಂತುಹೋದ ಬ್ಯಾಟರಿ ಟ್ರಕ್ಕನ್ನು ಹಾಗೇ ಎಳೆಯಬೇಡಿ. ಕಾಯಂ ಅಯಸ್ಕಾಂತದ ಮೋಟಾರ್ ಚಕ್ರದೊಂದಿಗೆ ತಿರುಗಿದರೆ ವೋಲ್ಟೇಜ್ ಹುಟ್ಟಿಸುತ್ತದೆ, ಇನ್ವರ್ಟರ್ ಸುಡಬಹುದು. ಸ್ಪ್ರಿಂಗ್‌ನಿಂದ ಹಿಡಿಯುವ ಬ್ರೇಕ್ ಬಿಡಿಸಲು ಕೈಪಂಪು ಅಥವಾ ಹೊರಗಿನ ಹೈಡ್ರಾಲಿಕ್ ಒತ್ತಡ ಬೇಕು. ಡ್ರೈವ್‌ಶಾಫ್ಟ್ ಯಾವಾಗ ಕಳಚಬೇಕು, ಯಾವ ವೇಗ ಮೀರಬಾರದು ಎಂಬುದನ್ನು ತಯಾರಕರಿಂದ ಪಡೆದು, ಮೊದಲ ವಾರದಲ್ಲೇ ಒಮ್ಮೆ ಅಭ್ಯಾಸ ಮಾಡಿಸಿ.

ಕೊಳ್ಳುವ ಮೊದಲ ಪರೀಕ್ಷೆ

ಪ್ರದರ್ಶನದ ಓಟವನ್ನು ನಿಮ್ಮ ರ‍್ಯಾಂಪಿನ ಅತಿ ಕೆಟ್ಟ ರಸ್ತೆಯಲ್ಲಿ, ಪೂರ್ತಿ ಹೊರೆಯೊಂದಿಗೆ, ಬಿಸಿ ಹೆಚ್ಚಿರುವ ಕೆಳಹಂತದಲ್ಲಿ ಮಾಡಿಸಿ. ಪ್ರತಿ ಏರಿಕೆಗೆ ಬ್ಯಾಟರಿಯಿಂದ ಹೋದ ಯೂನಿಟ್, ಪ್ರತಿ ಇಳಿಕೆಗೆ ಬಂದ ಯೂನಿಟ್ ಎರಡನ್ನೂ ಪ್ರತ್ಯೇಕವಾಗಿ ದಾಖಲಿಸಿ, ನಿವ್ವಳ ಮಾತ್ರ ಕೊಟ್ಟರೆ ತೆಗೆದುಕೊಳ್ಳಬೇಡಿ. ತೂಗಿದ ಹೊರೆಯ ಲೆಕ್ಕ ಜೊತೆಗಿರಲಿ. ಎಡೆಬಿಡದೆ ಕನಿಷ್ಠ ಮೂರು ಬ್ಯಾಟರಿ ಮುಗಿಯುವವರೆಗೆ ಓಡಿಸಿ, ಏಕೆಂದರೆ ಬ್ಯಾಟರಿ ಮತ್ತು ಮೋಟಾರ್ ಕಾದ ಮೇಲೆ ಶಕ್ತಿ ತಗ್ಗಿಸುವ ಗುಣ ಮೊದಲ ಸುತ್ತುಗಳಲ್ಲಿ ಕಾಣಿಸುವುದಿಲ್ಲ. ತುಂಬಿದ ಬ್ಯಾಟರಿಯೊಂದಿಗೆ ಮೇಲಿನಿಂದ ಇಳಿಸಿ ಬ್ರೇಕ್ ಎಣ್ಣೆಯ ತಾಪಮಾನ ನೋಡಿ. ಆಮೇಲೆ ಆ ಅಂಕಿಗಳನ್ನು ಶೇ 85ಕ್ಕೆ ಇಳಿದ ಬ್ಯಾಟರಿಗೆ ಮತ್ತು ಮೂರು ವರ್ಷದ ನಂತರ ಗಣಿ ತಲುಪಲಿರುವ ಆಳಕ್ಕೆ ಹಾಕಿ, ಪೂರ್ಣ ಸುತ್ತುಗಳನ್ನು ಮತ್ತೊಮ್ಮೆ ಎಣಿಸಿ. ಒಪ್ಪಂದದಲ್ಲಿ ಬರೆಯಿಸಬೇಕಾದ ಸಂಖ್ಯೆ ಅದು.